ಶ್ರೀಕಾರವಿಲ್ಲದ ಕಾಗದ

ಬೆಂಗಳೂರು
೧೨ ಜುಲೈ ೧೯೧೧

ಚಿತ್ರದುರ್ಗ ತಾಲ್ಲೂಕು ಹಿರೇಗುಂಟನೂರಿನ ಪಾಲಯ್ಯನವರಿಗೆ, ಅದೇ ಊರಿನ ಸ್ಕೂಲು ಮೇಷ್ಟ್ರು ಮುದ್ದಪ್ಪನವರ ಮೂಲಕ.

ನಿಮ್ಮ ಮಗ ಗೋವಿಂದಪ್ಪನು ಈ ಕಾಲೇಜಿನ ಇಂಟರ್‌ಮೀಡಿಯೆಟ್ ತರಗತಿಗೆ ಸೇರಿರುತ್ತಾನೆ. ವಿದ್ಯಾರ್ಥಿನಿಲಯದಲ್ಲಿ ಊಟ, ವಾಸ ಎರಡೂ ದೊರೆತಿವೆ. ನಿಲಯದ ವಾರ್ಡನ್ ನಾನು. ವಿದ್ಯಾರ್ಥಿಗಳ ನಡವಳಿಕೆಗೆಂದು ಮೂವತ್ತೆರಡು ನಿಯಮಗಳನ್ನು ನಾನೇ ಬರೆದು, ಪ್ರಿನ್ಸಿಪಾಲರಿಂದ ಮಂಜೂರು ಮಾಡಿಸಿ, ಅಚ್ಚು ಹಾಕಿಸಿದ್ದೇನೆ. ಅದರ ಒಂದು ಪ್ರತಿಯನ್ನು ಇದರ ಜೊತೆಗಿಟ್ಟಿದ್ದೇನೆ. ಪೂರ್ತಿಯಾಗಿ ಓದಿಸಿ ಕೇಳಿ, ಒಪ್ಪಿಗೆಯೆಂದು ಕೆಳಗೆ ರುಜು ಮಾಡಿ ಹಿಂದಕ್ಕೆ ಕಳುಹಿಸಬೇಕು.

ಟರ್ಮು ನಡೆಯುವಾಗ ಮನೆಯಲ್ಲಿ ಸಾವಾದ ಹೊರತು ರಜೆ ಇಲ್ಲ. ಅಪ್ಪಣೆ ಇಲ್ಲದೆ ಮೂರು ದಿನ ಮೀರಿ ಹೊರಗಿದ್ದವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತೇವೆ. ಹುಡುಗರು ಬರೆಯುವ ಕಾಗದ, ಹುಡುಗರಿಗೆ ಬರುವ ಕಾಗದ, ಎರಡೂ ನನ್ನ ಕೈ ದಾಟಿಯೇ ಹೋಗತಕ್ಕದ್ದು. ಕಾಗದ ಬರೆಯುವ ಕ್ರಮವನ್ನು ಹೇಳುವ ಹತ್ತೊಂಬತ್ತನೆಯ ನಿಯಮವನ್ನಂತೂ ತಪ್ಪದೆ ಓದಿಸಿ ಕೇಳಿ. ಕಳೆದ ವರ್ಷ ಅದೇ ವಿಷಯಕ್ಕೆ ಊಟದ ಮನೆಯಲ್ಲಿ ತಂಬಿಗೆಗಳು ಹಾರಾಡಿದವು.

ಹುಡುಗ ಬುದ್ಧಿವಂತ. ಶಿಸ್ತಿಗೆ ಬಗ್ಗಿದರೆ ಮುಂದೆ ಬರುತ್ತಾನೆ.

ಪಂಚಾಕ್ಷರಪ್ಪ
ವಾರ್ಡನ್


ಶ್ರೀ

ಹಿರೇಗುಂಟನೂರು
೩೦ ಜುಲೈ ೧೯೧೧

ವಾರ್ಡನ್ ಸಾಹೇಬರ ಸನ್ನಿಧಾನಕ್ಕೆ ಗೋವಿಂದಪ್ಪನ ತಾಯಿ ಕಾಳಕ್ಕ ಹೇಳಿ ಬರೆಸಿದ ಕಾಗದ. ಒಂದು ಮಾತನ್ನೂ ತಿದ್ದಕೂಡದೆಂದು ಎದುರಿಗೇ ಕೂತಿದ್ದಾಳೆ. ಅವಳು ಆಡಿದಂತೆಯೇ ಬರೆದಿದ್ದೇನೆ, ಮನ್ನಿಸಬೇಕು. ಮುದ್ದಪ್ಪ, ಸ್ಕೂಲು ಮೇಷ್ಟ್ರು.

ಸಾಮಿ, ನಮ್ಮನೆಯವ್ರು ಊರಾಗಿಲ್ಲ. ಕುರಿ ಹೊಡ್ಕೊಂಡು ಐಮಂಗಲದ ಕಡೆ ಹೋಗ್ಯಾರೆ. ಅದ್ಕೆ ನಾನೇ ಹೆಬ್ಬೆಟ್ಟು ಒತ್ತೀನಿ. ಮೇಷ್ಟ್ರು ನಿಮ್ಮ ನಿಯಮ ಓದಾಕೆ ಕುಂತ್ರು. ಕೋಳಿ ಕೂಗೋ ಹೊತ್ತಿಗೆ ಏಳ್ಬೇಕು, ಕಂಡಲ್ಲಿ ಉಗುಳಬಾರ್ದು, ಊಟಕ್ಕೆ ಕುಂತಾಗ ಮಾತಾಡಬಾರ್ದು. ಒಂಬತ್ತು ನಿಯಮ ಆಗೋ ಹೊತ್ತಿಗೆ ಒಲೆ ಮ್ಯಾಲಿನ ಸಾರು ಉಕ್ಕಿ ಬೆಂಕಿ ಆರ್ತು. ಸಾಕು ಬಿಡ್ರಿ ಮೇಷ್ಟ್ರೇ ಅಂದೆ. ಮುನ್ನೂರು ಕುರಿ ಕಾಯಾಕೆ ನಮ್ಮೋರಿಗೆ ಒಂದು ಕೋಲು, ಒಂದು ನಾಯಿ ಸಾಕು. ನಲವತ್ತು ಹುಡುಗ್ರಿಗೆ ನಿಮಗೆ ಮೂವತ್ತೆರಡು ಬೇಕಾದ್ವಾ? ಸಿಟ್ಟಾಗಬ್ಯಾಡ್ರಿ, ನಗಾಡಿದೆ ಅಷ್ಟೆ. ಎಲ್ಲಾದಕ್ಕೂ ಒಪ್ಪೀನಿ. ನಮ್ಮ ಕುಲದಾಗೆ ಕಾಲೇಜು ಮೆಟ್ಟಿಲು ಹತ್ತಿದೋನು ಅವನೊಬ್ನೇ. ನೀವು ಕುಂತ್ಕ ಅಂದ್ರೆ ಕುಂತ್ಕತಾನೆ, ನಿಂತ್ಕ ಅಂದ್ರೆ ನಿಂತ್ಕತಾನೆ.

ಒಂದು ಮಾತು ನಡೆಸಿಕೊಡ್ರಿ. ಅವನ ಕಾಗದ ಮೇಷ್ಟ್ರ ಹೆಸರಿಗೆ ಬ್ಯಾಡ, ನನ್ನ ಕೈಗೇ ಬರ್ಲಿ. ನನಗೆ ಓದಾಕೆ ಬರಲ್ಲ. ದುರ್ಗದ ಹೈಸ್ಕೂಲಿನಾಗೆ ಇದ್ದಾಗ ರಜಕ್ಕೆ ಬಂದೋನು ನನ್ನ ಬೆರಳು ಹಿಡ್ದು ಮರಳಿನಾಗೆ ಒಂದಕ್ಷರ ತಿದ್ದಿಸ್ಯಾನೆ, ಶ್ರೀ ಅಂತ. ಅದೊಂದು ನನಗೆ ಗುರುತು ಸಿಗ್ತೈತೆ. ಅವನ ಕಾಗದ ಬಂದ್ರೆ ಮೊದ್ಲು ಅದನ್ನ ಮುಟ್ಟಿ ನೋಡ್ತೀನಿ. ಆಮ್ಯಾಲೆ ಮೇಷ್ಟ್ರ ಹತ್ರ ಓದಿಸ್ತೀನಿ.

ಕಾಳಕ್ಕನ ಹೆಬ್ಬೆಟ್ಟು


ಬೆಂಗಳೂರು
೯ ಅಕ್ಟೋಬರ್ ೧೯೧೧

ಕಾಳಕ್ಕನವರಿಗೆ, ಮುದ್ದಪ್ಪನವರ ಮೂಲಕ.

ನಿಮ್ಮ ಮಗ ಆರೋಗ್ಯವಾಗಿದ್ದಾನೆ. ಗಣಿತದಲ್ಲಿ ತರಗತಿಗೇ ಮೊದಲಿಗ. ಮೊನ್ನೆ ಪ್ರೊಫೆಸರರು ಅವನನ್ನು ಬೋರ್ಡಿನ ಹತ್ತಿರ ಕರೆದು ಲೆಕ್ಕ ಬಿಡಿಸಲು ಹೇಳಿದರು, ಅವರು ಮಾಡುವುದಕ್ಕಿಂತ ಎರಡು ಸಾಲು ಕಡಿಮೆಯಲ್ಲಿ ಬಿಡಿಸಿದ.

ನಡತೆಯಲ್ಲಿ ಒಂದು ಸಣ್ಣ ಕೊರತೆ ಇತ್ತು, ಅದನ್ನು ಸರಿಪಡಿಸಿದ್ದೇನೆ. ತಿಂಗಳಿಗೊಂದು ಸಲ ಮನೆಗೆ ಬರೆಯಬೇಕೆಂದು ನಿಯಮವಿದ್ದರೂ ಇವನು ಇದುವರೆಗೆ ಒಂದು ಕಾಗದವನ್ನೂ ಬರೆದಿರಲಿಲ್ಲ. ಕಾರಣ ಕೇಳಿದರೆ, ಕಾಗದದ ತಲೆಯ ಮೇಲೆ ಶ್ರೀ ಬರೆಯಲು ಅಪ್ಪಣೆ ಬೇಕೆಂದ. ಹತ್ತೊಂಬತ್ತನೆಯ ನಿಯಮದಂತೆ ನಿಲಯದಿಂದ ಹೋಗುವ ಕಾಗದಕ್ಕೆ ಯಾವ ದೇವರ, ಯಾವ ಮತದ ತಲೆಬರಹವೂ ಕೂಡದು, ಶ್ರೀಕಾರವೂ ಕೂಡದು, ತಾರೀಖಿನಿಂದಲೇ ಆರಂಭಿಸಬೇಕು ಎಂದು ತಿಳಿಸಿದೆ. 'ಹಂಗಾರೆ ಬರಿಯಲ್ಲ ಸಾರ್' ಎಂದ. ಏಕೆಂದು ಕೇಳಿದೆ. 'ಅದನ್ನ ಬಾಯಾಗೆ ಆಡಬಾರ್ದು ಸಾರ್' ಎಂದು ತಲೆ ತಗ್ಗಿಸಿ ನಿಂತ. ಒಬ್ಬನಿಗೆ ಸಡಿಲ ಬಿಟ್ಟರೆ ನಾಳೆ ನಲವತ್ತು ಜನ ನಲವತ್ತು ದೇವರನ್ನು ತರುತ್ತಾರೆ. ನಿನ್ನೆ ಭಾನುವಾರ ಎದುರಿಗೆ ಕೂರಿಸಿ ಬರೆಸಿದೆ. ನಾನೇ ಲಕೋಟೆ ಅಂಟಿಸಿ, ನಿಮ್ಮ ಇಷ್ಟದಂತೆ ನಿಮ್ಮ ಹೆಸರಿಗೇ ಟಪಾಲಿಗೆ ಹಾಕಿಸಿದೆ. ಬರೆದ ಮೇಲೂ ಕಾಗದವನ್ನು ಕೈಬಿಡಲೊಲ್ಲ, ನಾನೇ ಎಳೆದುಕೊಳ್ಳಬೇಕಾಯಿತು. ಮೊಂಡುತನ ಬಿಡುವಾಗ ಹಾಗಾಗುವುದುಂಟು.

ಪಂಚಾಕ್ಷರಪ್ಪ
ವಾರ್ಡನ್


ಶ್ರೀ

ಹಿರೇಗುಂಟನೂರು
೩೦ ಅಕ್ಟೋಬರ್ ೧೯೧೧

ಸಾಮಿ, ನಿಮ್ಮ ಕಾಗದ ಮೇಷ್ಟ್ರ ಮನೆ ಬಾಗ್ಲ ಸಂದಿಯಾಗೆ ಹದಿನೈದು ದಿನದ ಮ್ಯಾಲೆ ಬಿದ್ದಿತ್ತು. ಹೆಂಡ್ತಿ ಹೆರಿಗೆ ಅಂತ ಮೇಷ್ಟ್ರು ತುರುವನೂರಿಗೆ ಹೋಗಿದ್ರು. ನಿನ್ನೆ ಬಂದು ಓದಿದ್ರು. ನಿಮ್ಮ ಮಗ ಆರೋಗ್ಯವಾಗಿದ್ದಾನೆ ಅಂತ ಮೊದಲ್ನೇ ಮಾತು. ಇನ್ನೊಂದ್ ಸತಿ ಓದ್ರಿ ಅಂದೆ. ಓದಿದ್ರು. ಎಷ್ಟು ಸತಿ ಓದಿಸಿದೆನೋ ನನಗೆ ಗೊತ್ತಿಲ್ಲ.

ಯಾಕಂದ್ರೆ ಸಾಮಿ, ಅಷ್ಟೊತ್ತಿಗೆ ನಾವು ಅವನ ಹನ್ನೊಂದನೇ ದಿನದ ಕಾರ್ಯ ಮಾಡಿ ಮುಗಿಸಿದ್ವಿ.

ನೀವು ಎದುರಿಗೆ ಕುಂಡ್ರಿಸಿ ಬರೆಸಿದ ಕಾಗದ, ಬೆಂಗ್ಳೂರಿಂದು ಅಂತ ಟಪಾಲಿನೋನು ಹದಿನೆಂಟು ದಿನದ ಹಿಂದೆ ಗುರುವಾರ ತಂದುಕೊಟ್ಟ. ಬಿಚ್ಚಿ ತಲೆ ಮ್ಯಾಲೆ ನೋಡಿದೆ, ಶ್ರೀ ಇಲ್ಲ. ಹಿಂದುಮುಂದಾಗಿ ಹಿಡ್ದಿದೀನೇನೋ ಅಂತ ತಿರುಗಿಸಿ ನೋಡಿದೆ, ಅಲ್ಲೂ ಇಲ್ಲ. ನಿಮ್ಮ ಕಾಗದ ಮೇಷ್ಟ್ರ ಕೈಗೇ ಬರ್ತಾವೆ, ಅವುಗಳ ತಲೆ ನಾನು ನೋಡಿದೋಳಲ್ಲ. ನಮ್ಮ ಕಡೆ ಶ್ರೀ ಇಲ್ಲದ ಕಾಗದ ಬಂತು ಅಂದ್ರೆ ಸಾವಿನ ಸುದ್ದಿ ಅಂತ ಕೂಸಿಗೂ ಗೊತ್ತು. ಬೆಂಗ್ಳೂರಿನಾಗೆ ಸಾಯಾಕೆ ನಮಗೆ ಇನ್ಯಾರು ಅವ್ರೆ? ಅಂಥ ಕಾಗದ ಮನೆಯಾಗೆ ಇಡಬಾರ್ದು. ಹರಿದು ಹಳ್ಳಕ್ಕೆ ಬಿಟ್ಟೆ. ಶಾನುಭೋಗ್ರ ಹತ್ರ ಓದಿಸಬಾರ್ದಿತ್ತೇನೇ ಅಂತ ಈಗ ಊರೆಲ್ಲ ಕೇಳ್ತೈತೆ. ಯಾವ ಜ್ವರ ಬಂತು, ಎಷ್ಟು ನರಳಿದ, ಅವ್ವ ಅಂದ್ನಾ ಇಲ್ವಾ, ಇದನ್ನೆಲ್ಲ ಇನ್ನೊಬ್ಬರ ಬಾಯಾಗೆ ಕೇಳೋ ಗುಂಡಿಗೆ ನನಗಿರಲಿಲ್ಲ ಸಾಮಿ.

ಮೈದುನ ಗೊಲ್ಲಪ್ಪ ಐಮಂಗಲಕ್ಕೆ ಹೋಗಿ ನಮ್ಮನೆಯವ್ರನ್ನ ಕರ್ಕೊಂಡು ಬಂದ. ಹೆಣ ಇಲ್ಲದ ಸಾವು. ಅವನ ಹಳೇ ಅಂಗಿ ಇಟ್ಕೊಂಡು ಮಣ್ಣು ಮಾಡಿದ್ವಿ.

ಈಗ ಕೇಳ್ರಿ. ನಮ್ಮ ಕುಲಗುರು ಒಡೇರು ಹೇಳ್ಯಾರೆ, ಕಾರ್ಯ ಆದೋನು ಮುಂಬಾಗ್ಲಿಂದ ಮನೆಗೆ ಬರಂಗಿಲ್ಲ. ಹಿಂಬಾಗ್ಲಿಗೆ ಬರ್ಬೇಕು. ಅಪ್ಪ ಅನ್ನೋನು ಕೈ ಹಿಡ್ದು ಒಳಗೆ ಕರ್ಕೋಬೇಕು. ಕರೀ ಕಂಬಳಿಯಾಗೆ ಮಲಗಿಸಿ ಕೂಸಿನಂಗೆ ತೂಗಿ, ಸೋದರತ್ತೆ ಹೊಸ ಹೆಸರು ಕೂಗ್ಬೇಕು. ಅಲ್ಲಿಗಂಟ ಅವ್ನು ಈ ಮನೆಗೆ ಸತ್ತೋನೇ, ನಾನು ಅವನ ಮುಖ ನೋಡಂಗಿಲ್ಲ. ನೋಡಬಹುದಾಗಿದ್ರೆ ನಿನ್ನೆನೇ ಬೆಂಗ್ಳೂರಿನ ದಾರಿ ಹಿಡೀತಿದ್ದೆ.

ಹತ್ತು ದಿನ ರಜಾ ಕೊಟ್ಟು ಕಳಿಸ್ರಿ. ನನ್ನ ಮಗನ್ನ ನನಗೆ ಬದುಕಿಸಿಕೊಡ್ರಿ. ಅವನ ಓದು ಮಾತ್ರ ತಪ್ಪಿಸಬ್ಯಾಡ್ರಿ. ಈ ಕಾಗದ ಅವನಿಗೆ ಓದಿ ಹೇಳ್ರಿ. ಅವನ ಅಪ್ಪ ಚೆನ್ನಾಗವ್ರೆ ಅಂತಾನೂ ಹೇಳ್ರಿ.

ಕಾಳಕ್ಕನ ಹೆಬ್ಬೆಟ್ಟು


ಬೆಂಗಳೂರು
೬ ನವೆಂಬರ್ ೧೯೧೧

ಕಾಳಕ್ಕನವರಿಗೆ, ಮುದ್ದಪ್ಪನವರ ಮೂಲಕ.

ನಿಮ್ಮ ಕಾಗದ ಓದಿ ವಿಷಾದವಾಯಿತು. ನಿಯಮವನ್ನು ಪೂರ್ತಿ ಓದಿಸಿ ಕೇಳಿದ್ದರೆ ಇದು ಆಗುತ್ತಿರಲಿಲ್ಲವೆಂದು ಹೇಳದೆ ವಿಧಿಯಿಲ್ಲ.

ಮನೆಯಲ್ಲಿ ಸಾವಾದರೆ ರಜೆ ಉಂಟು. ಬದುಕಿರುವವನ ಸಾವಿಗೆ ರಜೆ ಕೊಡುವ ನಿಯಮ ನನ್ನಲ್ಲಿಲ್ಲ. ಆದರೂ ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರು ಮೊದಲು ನಕ್ಕರು, ಆಮೇಲೆ ಮೂರು ದಿನ ಎಂದರು. ಇಲ್ಲಿಂದ ರೈಲಿನಲ್ಲಿ ಹೊಳಲ್ಕೆರೆಯ ಕಡೆಗೆ ಹೋಗಿ, ಅಲ್ಲಿಂದ ಗಾಡಿ ಹಿಡಿದು ನಿಮ್ಮೂರು ಮುಟ್ಟಲು ಎರಡು ದಿನ ಬೇಕು, ಬರಲು ಎರಡು ದಿನ. ಮೂರು ದಿನದಲ್ಲಿ ಆಗುವ ಮಾತಲ್ಲ. ಇದೇ ತಿಂಗಳು ಇಪ್ಪತ್ತರಿಂದ ಇಪ್ಪತ್ತೇಳರವರೆಗೆ ಪರೀಕ್ಷೆ. ಅದರಲ್ಲಿ ಹಿಂದೆ ಬಿದ್ದರೆ ಸ್ಕಾಲರ್‌ಷಿಪ್ಪು ಹೋಗುತ್ತದೆ, ಸ್ಕಾಲರ್‌ಷಿಪ್ಪು ಹೋದರೆ ಅವನ ಓದೂ ಹೋದಂತೆಯೇ. ಅವನ ಓದು ತಪ್ಪಿಸಬೇಡಿ ಎಂದು ನೀವೇ ಬರೆಸಿದ್ದೀರಿ. ಇಪ್ಪತ್ತೇಳನೆಯ ತಾರೀಖು ಪರೀಕ್ಷೆ ಮುಗಿದ ಕೂಡಲೇ ನಾನೇ ನಿಂತು ರೈಲು ಹತ್ತಿಸುತ್ತೇನೆ. ಇಷ್ಟು ದಿನ ತಡೆದವರು ಇನ್ನು ಮೂರು ವಾರ ತಡೆಯಿರಿ.

ಗೋವಿಂದಪ್ಪ ಈಗ ಪರೀಕ್ಷೆಯ ಓದಿನಲ್ಲಿ ಮುಳುಗಿದ್ದಾನೆ. ಮತ್ತೆ ಗಾಬರಿಗೆ ಎಡೆಯಾಗದಿರಲೆಂದು ಈ ತಿಂಗಳು ಅವನಿಂದ ಕಾಗದ ಬರೆಸುವುದಿಲ್ಲ.

ಪಂಚಾಕ್ಷರಪ್ಪ
ವಾರ್ಡನ್


ಹಿರೇಗುಂಟನೂರು
೨೨ ನವೆಂಬರ್ ೧೯೧೧

ಸಾಮಿ, ಗೋವಿಂದನ ಅಪ್ಪ ಭಾನುವಾರ ತೀರ್ಕೊಂಡ್ರು.

ಹೋದ ಸತಿ ಆತ ಚೆನ್ನಾಗವ್ರೆ ಅಂತ ಬರೆಸಿದ್ದು ಸುಳ್ಳು. ಮಗ ಸತ್ತ ಅಂತ ಐಮಂಗಲದಿಂದ ಎಲ್ಲೂ ಕುಂತ್ಕಳದೆ ನಡ್ಕೊಂಡು ಬಂದೋರು, ತಲೆ ಬೋಳಿಸ್ಕೊಂಡು, ಹನ್ನೊಂದನೇ ದಿನದ ಕಾರ್ಯ ಮುಗಿಸಿ, ಅವತ್ತೇ ಬಿದ್ರು. ಬಲಗೈ, ಬಲಗಾಲು, ನಾಲಿಗೆ, ಮೂರೂ ಹೋದ್ವು. ಮಗ ಬದುಕವ್ನೆ ಅಂತ ಕಿವಿಯಾಗೆ ಹೇಳಿದಾಗ ಕಣ್ಣಾಗೆ ನೀರು ಬಂತು, ಮಾತು ಬರ್ಲಿಲ್ಲ. ಹುಡುಗ ಹೆದರ್ಕೊಂಡು ದಾರಿಯಾಗೆ ಏನು ಮಾಡ್ಕೊಂತಾನೋ ಅಂತ ನಿಮಗೆ ತಿಳಿಸಲಿಲ್ಲ.

ನಿಮ್ಮ ಕಾಗದ ಬಂದ ಮ್ಯಾಲೆ, ಇಪ್ಪತ್ತೇಳಕ್ಕೆ ಹೊರಡ್ತಾನಂತೆ ಅಂತ ಹೇಳಿದೆ. ಎಡಗೈ ಎತ್ತಿ ಹಿತ್ಲ ಕಡೆ ತೋರಿಸಿದ್ರು. ಏನು ಕೇಳ್ತಾರೋ ನನಗೆ ತಿಳೀಲಿಲ್ಲ. ಅವರ ತಂಗಿ ಗಂಗಕ್ಕಗೆ ಹೊಳೀತು. ಹಾಸಿಗೆ ತಿರುಗಿಸಿ ಮುಖ ಹಿಂಬಾಗ್ಲ ಕಡೆ ಮಾಡಿದ್ವಿ. ಅಲ್ಲಿಂದ ಆ ಬಾಗ್ಲು ಮುಚ್ಚಗೊಡಲಿಲ್ಲ. ಚಳಿ ಬೀಸ್ತಿದ್ರೂ ಮುಚ್ಚಗೊಡಲಿಲ್ಲ. ಅದನ್ನೇ ನೋಡ್ತಾ ಹೋದ್ರು. ಮಣ್ಣು ಮಾಡಾಕೆ ಮಗನ ಕೈ ಇಲ್ಲ, ಗೊಲ್ಲಪ್ಪ ಮಾಡ್ದ.

ಹೋದ ತಿಂಗ್ಳ ನನ್ನ ಕಾಗದ ನೀವು ನನ್ನ ಮಗಗೆ ಓದಿ ಹೇಳೇ ಇರ್ತೀರಿ. ನೀವು ತಡೆದ್ರೂ ಅವ್ನು ಓಡಿ ಬರಬಹುದಿತ್ತು, ಬರಲಿಲ್ಲ. ಒಂದು ಸಾಲೂ ಬರೀಲಿಲ್ಲ. ಪರೀಕ್ಷೆ ದೊಡ್ಡದಾಯ್ತು, ಅಪ್ಪ ಅವ್ವ ಸಣ್ಣೋರಾದ್ರು. ಹೆತ್ತೋಳು ಹಿಂಗೆ ಬರೆಸಬಾರ್ದು ಅಂತ ಮೇಷ್ಟ್ರು ಲೆಕ್ಕಣಿಕೆ ಕೆಳಗಿಟ್ರು. ಎತ್ಕೊಳ್ರಿ ಅಂದೀನಿ. ಇನ್ನು ಅವ್ನು ಬರೋದು ಬ್ಯಾಡ ಅಂತ ಹೇಳ್ರಿ. ಯಾವ ಬಾಗ್ಲಿಂದಾನೂ ಬ್ಯಾಡ.

ಕಾಳಕ್ಕನ ಹೆಬ್ಬೆಟ್ಟು


ಶ್ರೀ

ಬೆಂಗಳೂರು
೨೫ ನವೆಂಬರ್ ೧೯೧೧

ತಾಯಿ ಕಾಳಕ್ಕನವರಿಗೆ,

ನಿಮ್ಮ ಲಕೋಟೆ ಬಿಚ್ಚಿ ತಲೆಯ ಮೇಲೆ ನೋಡಿದೆ. ಒಂದಕ್ಷರ ಓದುವ ಮೊದಲೇ ತಿಳಿಯಿತು.

ನಿಮ್ಮ ಮಗನದು ತಪ್ಪಿಲ್ಲ. ನಿಮ್ಮ ಅಕ್ಟೋಬರ್ ಕಾಗದವನ್ನು ನಾನು ಅವನಿಗೆ ಓದಿ ಹೇಳಲೇ ಇಲ್ಲ. ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಪರೀಕ್ಷೆ ಮುಗಿಯುವವರೆಗೆ ಅವನ ಮನಸ್ಸು ಕದಡಬಾರದೆಂದು ನನಗೆ ನಾನೇ ಹೇಳಿಕೊಂಡೆ. ನಿಮಗೆ ಬರೆದ ಉತ್ತರದಲ್ಲಿ, ಹೇಳಿದ್ದೇನೆಂದೂ ಬರೆಯಲಿಲ್ಲ, ಹೇಳಿಲ್ಲವೆಂದೂ ಬರೆಯಲಿಲ್ಲ. ಬೇಕೆಂದೇ ಹಾಗೆ ಬರೆದೆ. ಆ ಇಪ್ಪತ್ತು ದಿನವೂ ಅವನು ದಿನಾ ಸಂಜೆ ನನ್ನ ಕೋಣೆಗೆ ಬಂದು, 'ಊರಿಂದ ಏನಾದ್ರೂ ಬಂತಾ ಸಾರ್' ಎಂದು ಕೇಳುತ್ತಿದ್ದ. ಇಲ್ಲ ಎಂದೆ.

ಇನ್ನೊಂದನ್ನೂ ಮುಚ್ಚಿಡಲಾರೆ. ನಾನು ಹೊಳಲ್ಕೆರೆಯವನು. ಶ್ರೀ ಇಲ್ಲದ ಕಾಗದ ಎಂದರೆ ಏನೆಂದು ನನಗೆ ನಿಮ್ಮಷ್ಟೇ ಗೊತ್ತು. ಹತ್ತೊಂಬತ್ತನೆಯ ನಿಯಮ ಬರೆಯುವಾಗ ನೆನಪಾಗಿತ್ತು. ಹಳ್ಳಿಯ ಆ ರೂಢಿಗಳನ್ನು ದಾಟಿ ಬಂದಿದ್ದೇನೆಂಬ ಜಂಬದಿಂದ ನೆನಪನ್ನು ತಳ್ಳಿಹಾಕಿದೆ. ಆ ಅಕ್ಷರವೊಂದೇ ನಿಮಗೆ ಗುರುತು ಸಿಗುವುದೆಂದು ನೀವು ಜುಲೈಯಲ್ಲೇ ಬರೆಸಿದ್ದಿರಿ, ಅದನ್ನೂ ಓದಿದ್ದೆ. ಬಾಯಲ್ಲಿ ಆಡಬಾರದೆಂದು ನಿಮ್ಮ ಮಗ ನಿಂತಾಗಲಾದರೂ ನನಗೆ ತಿಳಿಯಬೇಕಿತ್ತು. ತಿಳಿದರೂ ತಿಳಿಯದವನಂತೆ ಇದ್ದೆ. ನೀವು ನಿಯಮ ಓದಿಸಲಿಲ್ಲವೆಂದು ನಿಮ್ಮ ಮೇಲೆ ತಪ್ಪು ಹೊರಿಸಿದ್ದು ನಾಚಿಕೆಗೇಡು.

ಇವತ್ತು ಬೆಳಿಗ್ಗೆ ಅವನನ್ನು ಕರೆದು ಎರಡು ಕಾಗದಗಳನ್ನೂ ಕೈಗೆ ಕೊಟ್ಟೆ. ಓದಿದ. ನನ್ನನ್ನು ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ನಿಂತೇ ಇದ್ದೆ. 'ನಾನು ಹೋಗ್ತೀನಿ ಸಾರ್' ಎಂದನಷ್ಟೆ. ಇನ್ನೂ ಎರಡು ಪೇಪರು ಬಾಕಿ ಇವೆ. ಬರೆದು ಹೋಗೆಂದು ಹೇಳುವ ಬಾಯಿ ನನಗಿಲ್ಲ. ಸಾವಿನ ರಜೆಯೂ ಮೂರೇ ದಿನ, ನಾಲ್ಕನೆಯ ದಿನ ಪಟ್ಟಿಯಲ್ಲಿ ಅವನ ಹೆಸರಿಗೆ ಗೀಟು ಬೀಳುತ್ತದೆ. ಅದನ್ನು ನಾನೇ ಎಳೆಯಬೇಕು. ಜನವರಿಯಲ್ಲಿ ಮತ್ತೆ ಸೇರಿಸಿಕೊಳ್ಳುವ ಜವಾಬ್ದಾರಿ ನನ್ನದೆಂದು ಪ್ರಿನ್ಸಿಪಾಲರಿಗೆ ಬರೆದುಕೊಟ್ಟಿದ್ದೇನೆ. ಆಗದಿದ್ದರೆ ನಾನೂ ಇಲ್ಲಿರುವುದಿಲ್ಲ.

ಈ ಕಾಗದವನ್ನು ಅವನ ಕೈಯಲ್ಲೇ ಕಳುಹಿಸುತ್ತಿದ್ದೇನೆ. ಅಂಟಿಸಿಲ್ಲ, ದಾರಿಯಲ್ಲಿ ಅವನೂ ಓದಲಿ. ಹುಡುಗನನ್ನು ಒಳಗೆ ಕರೆದುಕೊಳ್ಳಿ. ನಿಮ್ಮ ಸಿಟ್ಟು ನನ್ನ ಮೇಲಿರಲಿ.

ಪಂಚಾಕ್ಷರಪ್ಪ


ಶ್ರೀ

ಹಿರೇಗುಂಟನೂರು
೮ ಡಿಸೆಂಬರ್ ೧೯೧೧

ಸಾಮಿ, ಹುಡುಗ ಬಂದ. ಹಿತ್ಲಾಗೆ ಬೇಲಿ ಹತ್ರ ನಿಂತ್ಕೊಂಡು ನಿಮ್ಮ ಕಾಗದ ಗೊಲ್ಲಪ್ಪನ ಕೈಗೆ ಕೊಟ್ಟ. ನಾನು ಒಳಗಿದ್ದೆ. ಮೇಷ್ಟ್ರು ಬಂದು ಓದಿದ್ರು. ಆಮ್ಯಾಲೆ ನಾನು ಗೋಡೆ ಕಡೆ ತಿರುಗಿ, 'ಉಂಡಿಯೇನೋ' ಅಂತ ಕೇಳ್ದೆ. 'ಇಲ್ಲವ್ವ' ಅಂದ. ಮುದ್ದೆ, ಸಾರು ಗೊಲ್ಲಪ್ಪನ ಕೈಯಾಗೆ ಹಿತ್ಲಿಗೆ ಕಳಿಸ್ದೆ.

ಅವರಪ್ಪನ ಹನ್ನೊಂದು ದಿನ ಮುಗಿಯಗಂಟ ಗೊಲ್ಲಪ್ಪನ ಕೊಟ್ಟಿಗೆಯಾಗೆ ಇದ್ದ. ಕೈ ಹಿಡ್ದು ಒಳಗೆ ಕರ್ಕಳಾಕೆ ಅಪ್ಪ ಇಲ್ಲ, ಏನ್ ಮಾಡಾಣ ಅಂತ ಒಡೇರನ್ನ ಕೇಳಿದ್ವಿ. ಅವರು ಕುರಿ ಕಾಯೋ ಕೋಲು ಹಿಡೀಲಿ ಅಂದ್ರು. ಕೋಲಿನ ಒಂದು ತುದಿ ಅವ್ನು ಹಿಡ್ದ, ಇನ್ನೊಂದು ತುದಿ ಹಿಡ್ದು ಗೊಲ್ಲಪ್ಪ ಒಳಗೆ ಕರ್ಕೊಂಡ. ಕಂಬಳಿಯಾಗೆ ಮಲಗಿಸಿ ನಾಕು ಜನ ತೂಗಿದ್ರು. ಇಷ್ಟುದ್ದ ಗಂಡು, ಕಾಲು ಹೊರಗೆ ಬಂದಿದ್ವು. ಯಾರೂ ನಗಲಿಲ್ಲ.

ನಿಮ್ಮನ್ನ ಕ್ಷಮಿಸೀನಿ ಅಂತ ಬರೆಸಾಕೆ ಬಾಯಿ ಬರ್ತಾ ಇಲ್ಲ. ಬಂದಾಗ ಬರೆಸ್ತೀನಿ. ನಾನೂ ಮುಚ್ಚಿಟ್ಟೆ, ನೀವೂ ಮುಚ್ಚಿಟ್ರಿ, ನಡುವೆ ಆತ ಹೋದ್ರು. ನಿಮ್ಮ ಪಾಲು ನೀವು ಹೊತ್ಕಳ್ರಿ, ನನ್ನ ಪಾಲು ನನಗೈತೆ. ಹುಡುಗನ್ನ ಬ್ಯಾಡ ಅಂದಿದ್ದು ನನ್ನ ಪಾಲಿನಾಗೆ ಸೇರೈತೆ.

ಗಂಗಕ್ಕ ಅವನ ಕಿವಿಯಾಗೆ ಹೊಸ ಹೆಸರು ಮೂರು ಸತಿ ಕೂಗಿದ್ಲು. ಸತ್ತ ಅಣ್ಣನ ಹೆಸರನ್ನೇ ಇಟ್ಲು. ಮನೆ ಹೆಸರು ಮನೆಗೆ ಬಂತು ಅಂತ ಎಲ್ಲಾರೂ ಕಣ್ಣು ಒರಸ್ಕೊಂಡ್ರು, ನಾನೂ ಒರಸ್ಕೊಂಡೆ. ಮಾರನೇ ದಿನ ಊಟಕ್ಕೆ ಕರಿಯಾಕೆ ಬಾಗ್ಲಿಗೆ ಬಂದೆ, ಬಾಯಿ ತೆರೆದೆ, ಏನೂ ಬರ್ಲಿಲ್ಲ. ಗೋವಿಂದ ಅನ್ನಂಗಿಲ್ಲ, ಅದು ಮಣ್ಣಿಗೆ ಹೋದ ಹೆಸರು. ಹೊಸದು ಗಂಡನ ಹೆಸರು, ಹೆಂಡ್ತಿ ಆದೋಳು ನಾಲಿಗೆ ಮ್ಯಾಲೆ ತರಂಗಿಲ್ಲ. 'ಏ ಇವ್ನೇ' ಅಂದೆ. ಅವ್ನು ತಿರುಗಿ ನೋಡ್ದ.

ಅವ್ನು ಜನವರಿಗೆ ಬರ್ತಾನೆ. ಹೆಸರೇನಂತ ಇಲ್ಲಿ ಮೇಷ್ಟ್ರು ಅವರ ಕೈಯಾರೆ ಬರೀತಾರೆ: ಪಾಲಯ್ಯ. ಹಳೇ ಹೆಸರಿಗೆ ನೀವು ಗೀಟು ಎಳೆದದ್ದು ಸರಿ ಐತೆ, ಹಂಗೇ ಇರ್ಲಿ. ಹೆಸರು ಬದಲು ಮಾಡಬಾರ್ದು ಅಂತ ನಿಯಮ ಇದ್ರೆ, ಬರೆದೋರು ನೀವೇ ಅಲ್ವಾ, ನೀವೇ ಹೊಡೀರಿ. ದಿನಾ ಬೆಳಿಗ್ಗೆ ನೀವು ಪಟ್ಟಿ ಹಿಡ್ಕೊಂಡು ಹುಡುಗ್ರ ಹೆಸರು ಕೂಗ್ತೀರಂತೆ, ಅವ್ನು ಹೇಳ್ದ. ಈ ಹೆಸರು ಗಟ್ಟಿಯಾಗಿ ಕೂಗ್ರಿ ಸಾಮಿ. ನಾನಂತೂ ಇರೋಗಂಟ ನನ್ನ ಮಗನ್ನ ಹೆಸರು ಹಿಡ್ದು ಕರಿಯಂಗಿಲ್ಲ, ನೀವಾದ್ರೂ ಕರೀರಿ.

ಕಾಳಕ್ಕನ ಹೆಬ್ಬೆಟ್ಟು